ಮಾತ್ರೆ ಮರೆಯದ ಹಾಗೆ ಒಂದು ಡಬ್ಬಿ

1960ರಲ್ಲಿ ಅಮೆರಿಕದಲ್ಲಿ ‘ಎನೋವಿಡ್’ ಗರ್ಭನಿರೋಧಕ ಮಾತ್ರೆಗೆ ಒಪ್ಪಿಗೆ ಸಿಕ್ತು. ಬರ್ತಿದ್ದದ್ದು ಮಾಮೂಲಿ ಬಾಟಲಿಯಲ್ಲಿ. ಮುಟ್ಟಾದ ಐದನೇ ದಿನದಿಂದ 20 ದಿನ ನುಂಗಿ ನಿಲ್ಲಿಸಬೇಕು. ಲೆಕ್ಕ ಇಡೋ ತಲೆನೋವು ಹೆಂಗಸರದ್ದು.

ಇಲಿನಾಯ್‌ನ ಜಿನೀವಾ ಊರಿನ ಡೇವಿಡ್ ವ್ಯಾಗ್ನರ್ ಮನೆಯಲ್ಲೂ ಅದೇ ಪ್ರಶ್ನೆ: ಇವತ್ತಿನದು ಆಯ್ತಾ, ಇಲ್ವಾ? ಈತ ನಮ್ಮ ಥರ ಎಂಜಿನಿಯರ್. ಹಾಳೆ ಮೇಲೆ ವಾರಗಳನ್ನ ಬರೆದು ಒಂದೊಂದು ಮಾತ್ರೆ ಇಟ್ಟ. ಏನೋ ಬಿದ್ದು ಎಲ್ಲಾ ಚೆಲ್ಲಾಪಿಲ್ಲಿ. ಆಮೇಲೆ ಪ್ಲಾಸ್ಟಿಕ್, ಡ್ರಿಲ್ಲು, ಟೇಪು ಹಿಡಿದು ಕೂತು, ದಿನ ತೋರಿಸುತ್ತಾ ತಿರುಗೋ ಡಬ್ಬಿ ಮಾಡಿದ. 1962ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. 1963ರಲ್ಲಿ ಆರ್ಥೋ ಕಂಪನಿ ಅಂಥದ್ದೇ ‘ಡಯಲ್‌ಪ್ಯಾಕ್’ ಮಾರಾಟಕ್ಕೆ ತಂತು. ಯೂಸರ್‌ನ ಬೈಯೋ ಬದಲು ಡಿಸೈನ್ ತಿದ್ದಿದ ಕೆಲಸ ಇದು. ನಮ್ಮ ಎಷ್ಟೋ ಆ್ಯಪ್‌ಗಳಿಗೆ ಇನ್ನೂ ಆ ಬುದ್ಧಿ ಬಂದಿಲ್ಲ.

ನಮ್ಮ ಸರ್ಕಾರ ಪುಕ್ಕಟೆ ಕೊಡೋ ‘ಮಾಲಾ-ಎನ್’ನಲ್ಲಿ ಈಗ 28 ಮಾತ್ರೆ: 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಈ ಏಳು ಗರ್ಭ ತಡೆಯಲ್ಲ. ನುಂಗೋ ರೂಢಿ ತಪ್ಪದಿರಲಿ ಅಂತ ಇವೆ. ಮರೆತರೂ ಪರವಾಗಿಲ್ಲ. ಆದ್ರೆ ಹೊಸ ಪ್ಯಾಕ್ ತಡ ಮಾಡೋ ಹಾಗಿಲ್ಲ. ಹಾರ್ಮೋನ್ ಇಲ್ಲದ ದಿನಗಳು ಏಳು ದಾಟಿದ್ರೆ ಅಂಡಾಣು ಬಿಡುಗಡೆ ಆಗಿಬಿಡಬಹುದು. ಹಾರ್ಮೋನ್ ಮಾತ್ರೆ ಒಂದು ತಪ್ಪಿದ್ರೆ ನೆನಪಾದ ಕೂಡಲೇ ನುಂಗಬೇಕು, ಅವತ್ತು ಎರಡಾದ್ರೂ ಸರಿ.