ಕಾಡಿನ ಆರ್ಕಿಡ್‌ಗೆ ಶಿಲೀಂಧ್ರದ ಆಸರೆ

ಮುಂಗಾರು ಕಾಲಿಡುವ ಹೊತ್ತಿಗೆ ಮಲೆನಾಡಿನ ಮರಗಳಲ್ಲಿ ಹೂಗೊಂಚಲು ಇಳಿಬಿಡುವ ಸೀತಾಳೆ ದಂಡೆಯು ಆರ್ಕಿಡ್ ಕುಟುಂಬಕ್ಕೆ ಸೇರಿದ ಸಸ್ಯ. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 28 ಸಾವಿರ ಪ್ರಭೇದಗಳಿವೆ. ಕಾಡಿನಲ್ಲಿ ಇವುಗಳ ಹುಟ್ಟು ಶಿಲೀಂಧ್ರಗಳನ್ನೇ ಅವಲಂಬಿಸಿದೆ.

ಬೀಜದಲ್ಲಿ ಆಹಾರವಿಲ್ಲ

ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಾರು, ಕೆಲವು ಪ್ರಭೇದಗಳಲ್ಲಿ ಲಕ್ಷಾಂತರ ಬೀಜಗಳಿರುತ್ತವೆ. ಧೂಳಿನಂತಹ ಈ ಬೀಜಗಳಲ್ಲಿ ಭತ್ತ, ತೊಗರಿಯಲ್ಲಿರುವಂತೆ ಮೊಳಕೆಗೆ ಸಾಲುವಷ್ಟು ಆಹಾರ ಸಂಗ್ರಹ ಇರುವುದಿಲ್ಲ. ಬೀಜ ಬಿದ್ದಲ್ಲಿ ತಕ್ಕ ಶಿಲೀಂಧ್ರವಿದ್ದರೆ ಅದರ ಎಳೆಗಳು ಒಳಹೊಕ್ಕು ಜೀವಕೋಶಗಳಲ್ಲಿ ಸುರುಳಿ ಸುತ್ತಿಕೊಳ್ಳುತ್ತವೆ. ಈ ಸುರುಳಿಗಳ ಮೂಲಕ, ಅವುಗಳನ್ನು ಜೀರ್ಣಿಸಿಕೊಂಡು, ಸಸಿ ಪೋಷಕಾಂಶ ಪಡೆಯುತ್ತದೆ. ಶಿಲೀಂಧ್ರ ಸಿಗದ ಬೀಜಗಳು ವ್ಯರ್ಥವಾಗುತ್ತವೆ.

ಫ್ರಾನ್ಸ್‌ನ ಸಸ್ಯವಿಜ್ಞಾನಿ ನೋಯೆಲ್ ಬರ್ನಾರ್ 1899ರಲ್ಲಿ ಫಾಂಟೆನ್‌ಬ್ಲೋ ಕಾಡಿನಲ್ಲಿ ಈ ನಂಟನ್ನು ಗುರುತಿಸಿದರು. ಅವರು ಕಂಡದ್ದು 'ಹಕ್ಕಿಗೂಡಿನ ಆರ್ಕಿಡ್' ಎಂಬ ಸಸ್ಯದ ಮೊಳಕೆಗಳನ್ನು. ಯುರೋಪಿನ ಬೀಚ್ ಮರಗಳ ನೆರಳಿನಲ್ಲಿ ಬೆಳೆಯುವ ಈ ಕಂದು ಸಸ್ಯಕ್ಕೆ ಹಸಿರೆಲೆಗಳಿಲ್ಲ. ಮರದ ಬೇರಿಗೆ ಅಂಟಿಕೊಂಡ ಶಿಲೀಂಧ್ರವು ಮರದಿಂದ ಪಡೆದ ಸಕ್ಕರೆಯ ಒಂದು ಪಾಲು ಆರ್ಕಿಡ್‌ಗೆ ಸೇರುತ್ತದೆ.

ಪಶ್ಚಿಮ ಘಟ್ಟದಲ್ಲೂ ಉಂಟು

ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿಯೂ ಇಂತಹ ಎಲೆರಹಿತ ಆರ್ಕಿಡ್‌ಗಳಿವೆ. ಎಪಿಪೋಜಿಯಂ ರೋಸಿಯಂ ಅವುಗಳಲ್ಲೊಂದು. ಇವು ಕೊಳೆತ ಎಲೆಗಳನ್ನು ನೇರವಾಗಿ ಉಂಡು ಬದುಕುತ್ತವೆ ಎಂಬ ಹಳೆಯ ನಂಬಿಕೆ ಸರಿಯಲ್ಲ. ಈ ಪ್ರಭೇದಕ್ಕೆ ಆಹಾರ ಒದಗಿಸುವುದು ಸತ್ತ ಮರ, ತರಗೆಲೆಗಳನ್ನು ಕೊಳೆಸುವ ಅಣಬೆಗಳೆಂದು ಜಪಾನಿನ ವಿಜ್ಞಾನಿಗಳು 2005ರಲ್ಲಿ ವರದಿ ಮಾಡಿದರು. ಬೀಚ್ ಕಾಡಿನ ಸಸ್ಯಕ್ಕೆ ಜೀವಂತ ಮರ ಬೇಕಾದರೆ, ಇದಕ್ಕೆ ಬೇಕಿರುವುದು ಬಿದ್ದ ಮರ.

ಕಿತ್ತು ತಂದರೆ ಉಳಿಯದು

ನೆಲದ ಆರ್ಕಿಡ್‌ಗಳನ್ನು, ಅದರಲ್ಲೂ ಎಲೆಯಿಲ್ಲದವನ್ನು, ಕಿತ್ತು ತಂದು ಕುಂಡದಲ್ಲಿ ನೆಟ್ಟರೆ ಅವು ಬಾಳಲಾರವು. ಗಿಡದ ಜೊತೆ ಶಿಲೀಂಧ್ರದ ಜಾಲ ಬರುವುದಿಲ್ಲ. ಮಸ್ಕಿ, ಸಿಂಧನೂರಿನಂತಹ ಬಯಲುಸೀಮೆಯ ಒಣಹವೆಯಲ್ಲಿ ಮಳೆಕಾಡಿನ ತೇವವೂ ಸಿಗುವುದಿಲ್ಲ.

ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಶಿಲೀಂಧ್ರದ ನೆರವಿಲ್ಲದೆ, ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಆರ್ಕಿಡ್ ಬೀಜ ಮೊಳೆಯಿಸಿ ತೋರಿಸಿದರು. ಪ್ರಯೋಗಾಲಯದಲ್ಲಿ ಬೆಳೆಸಿದ ಆರ್ಕಿಡ್ ಸಸಿಗಳು ಇಂದು ನರ್ಸರಿಗಳಲ್ಲಿ ದೊರೆಯುತ್ತಿವೆ. ಆದ್ದರಿಂದ ಹೂವಿನ ಆಸೆಗೆ ಕಾಡಿನ ಗಿಡ ಕೀಳಬೇಕಾಗಿಲ್ಲ. ಕಾಡಿನಲ್ಲಿ ಆರ್ಕಿಡ್ ಉಳಿಯಬೇಕಾದರೆ ಗಿಡವೊಂದನ್ನೇ ರಕ್ಷಿಸಿದರೆ ಸಾಲದು. ಅದರ ಮಣ್ಣು, ಮರ, ತರಗೆಲೆ ಹಾಗೂ ಶಿಲೀಂಧ್ರ ಎಲ್ಲವೂ ಉಳಿಯಬೇಕು.