23 ವರ್ಷ ತಡವಾಗಿ ಬಂದ ಹೆಸರು

ಕುಣಿಗಲ್ಲಿನ ಕುದುರೆ ಫಾರಂ ನಮ್ಮ ಕಡೆ ಎಲ್ಲರಿಗೂ ಗೊತ್ತು. ಟಿಪ್ಪುವಿನ ಕಾಲದಲ್ಲಿ ಅಲ್ಲಿ ದಂಡಿಗೆ ಕುದುರೆ ಸಾಕಿದರು, ಮುಂದೆ ರೇಸಿಗೆ ಸಾಕಿದರು. ರೇಸು ಕುದುರೆಗೆ ಅಪ್ಪ ಯಾರು, ತಾತ ಯಾರು, ಮುತ್ತಾತ ಯಾರು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ಲಾಯ ಗುಡಿಸಿದವನ ತಾತನ ಹೆಸರು ಯಾವ ಪುಸ್ತಕದಲ್ಲಿದೆ? ಈಗ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿಗೆ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. 2023ರ ಫೆಬ್ರವರಿ 6ರಂದು ಉದ್ಘಾಟನೆಯೂ ಆಯಿತು. ಕುದುರೆಯ ಕಾಲ ಹೋಗಿ ವಿಮಾನದ ಕಾಲ ಬಂತು. ಆದರೆ ಯುದ್ಧದ ಲೆಕ್ಕ ಬರೆಯುವವರು ಯಾರು ಅನ್ನೋ ಪ್ರಶ್ನೆ ಅಲ್ಲೇ ನಿಂತಿದೆ. ಅದನ್ನು ಹಿಡಿದೇ ನಾವು ಕೊಡಗಿನ ಒಬ್ಬ ಪೈಲಟ್ಟಿನ ಚರಿತ್ರೆ ಹೇಳುತ್ತಿದ್ದೇವೆ.

ಅಜ್ಜಮಾಡ ಬೋಪಯ್ಯ ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆಯ ಪೈಲಟ್ ಆದರು. ಹೊಸ ಹುಡುಗರಿಗೆ ಹಾರೋದು ಕಲಿಸುವ ಮೇಷ್ಟ್ರೂ ಆಗಿದ್ದರು. 1965ರ ಯುದ್ಧ ಬಂದಾಗ ಅವರು ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್ ಸೇರಿಕೊಂಡರು. ಅಲ್ಲಿದ್ದದ್ದು ಫ್ರಾನ್ಸಿನಿಂದ ತಂದ ಮಿಸ್ಟೇರ್ ವಿಮಾನಗಳು. ನೆಲಕ್ಕೆ ಹತ್ತಿರ ಹಾರಿಹೋಗಿ ಎದುರಾಳಿಯ ವಿಮಾನ ನಿಲ್ದಾಣ, ಟ್ಯಾಂಕುಗಳ ಮೇಲೆ ಬಾಂಬು, ರಾಕೆಟ್ಟು ಹಾಕಿ ಬರುವುದು ಅವುಗಳ ಕೆಲಸ.

1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಂಗ್ ಕಮಾಂಡರ್ ಓ.ಪಿ. ತನೇಜಾ ಮುಂದಾಳಾಗಿ ಈ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಯಾವುದಾದರೂ ವಿಮಾನ ಕೆಟ್ಟರೆ ಅದರ ಜಾಗಕ್ಕೆ ಹೋಗಲೆಂದು ಕಾದಿದ್ದವರು ಅವರು. ಆದರೂ ಹೋದರು.

ಅಲ್ಲಿ ಅವರಿಗೆ ಎದುರಾದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರ ಕೈಯಲ್ಲಿದ್ದದ್ದು ಅಮೆರಿಕದ ಸ್ಟಾರ್‌ಫೈಟರ್. ಶಬ್ದದ ಎರಡರಷ್ಟು ವೇಗದ ವಿಮಾನ. ಮಿಸ್ಟೇರ್ ಅದರ ಮುಂದೆ ಎತ್ತಿನಗಾಡಿ. ದೇವಯ್ಯನವರ ವಿಮಾನಕ್ಕೆ ಏಟು ಬಿತ್ತು. ಏಟು ತಿಂದ ವಿಮಾನವನ್ನೇ ತಿರುಗಿಸಿಕೊಂಡು ಅವರು ಕಾದಾಡಿದರು, ಸ್ಟಾರ್‌ಫೈಟರಿಗೆ ಗುಂಡು ಹೊಡೆದರು. ಅಮ್ಜದ್ ಹೊರಕ್ಕೆ ಹಾರಿ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಹಿಂದಿರುಗಲಿಲ್ಲ.

ಆ ಕಾದಾಟವನ್ನು ಜೊತೆಯವರು ಯಾರೂ ಕಂಡಿರಲಿಲ್ಲ. ನಮ್ಮ ಕಡತದಲ್ಲಿ ಉಳಿದದ್ದು ‘ಕಾಣೆಯಾದವರು’ ಅನ್ನೋ ಒಂದೇ ಮಾತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ಕಡೆಯ ವಿವರ ಪಡೆದು ಆ ಯುದ್ಧದ ಬಗ್ಗೆ ಪುಸ್ತಕ ಬರೆದ. ಸ್ಟಾರ್‌ಫೈಟರನ್ನು ಕೆಡವಿದ್ದು ಒಂದು ಮಿಸ್ಟೇರ್ ಅನ್ನೋದು ಅದರಿಂದ ಹೊರಬಿತ್ತು. ಅದನ್ನೂ ತನೇಜಾ ಅವರ ಮಾತನ್ನೂ ಕೂಡಿಸಿ ನೋಡಿದಾಗ ಆ ಮಿಸ್ಟೇರಿನಲ್ಲಿದ್ದವರು ದೇವಯ್ಯನವರೇ ಅಂತ ಖಚಿತವಾಯಿತು. 1988ರಲ್ಲಿ ಮಹಾವೀರ ಚಕ್ರ ಬಂತು. ಸತ್ತು 23 ವರ್ಷವಾಗಿತ್ತು. ನಮ್ಮವನ ಶೌರ್ಯಕ್ಕೆ ಸಾಕ್ಷಿ ಹೇಳಿದ್ದು ಎದುರಾಳಿಯ ಪಾಳೆಯ!

ಇದರ ಪಕ್ಕದಲ್ಲಿ ಜರ್ಮನಿಯ ಹಾನ್ಸ್ ಉಲ್ರಿಖ್ ರೂಡೆಲ್‌ನನ್ನು ಇಟ್ಟು ನೋಡಿ. ಇದೇ ಬಗೆಯ ನೆಲದಾಳಿ ಪೈಲಟ್. ಎರಡನೇ ಮಹಾಯುದ್ಧದಲ್ಲಿ 2,530 ಸಲ ದಾಳಿಗೆ ಹಾರಿದ, 519 ಟ್ಯಾಂಕು ಮುರಿದ ಅಂತ ಅವರದೇ ಲೆಕ್ಕ. ಹಿಟ್ಲರ್ ಅವನಿಗಾಗಿಯೇ ಎಂಬಂತೆ ಹೊಸ ಪದಕ ಕೊಟ್ಟ. ಅದನ್ನು ಪಡೆದವನು ಅವನೊಬ್ಬನೇ. ಯುದ್ಧ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋಗಿ ಕೂತು ತನ್ನ ಪುಸ್ತಕ ತಾನೇ ಬರೆದುಕೊಂಡ. 1982ರಲ್ಲಿ ಸಾಯುವ ತನಕ ನಾಜಿಯಾಗೇ ಇದ್ದ. ಅವನು ಯಾರ ಪರ ಹಾರಿದ, ಯಾರ ಮನೆ ಸುಟ್ಟ ಅನ್ನೋದನ್ನು ಆ ಅಂಕಿಗಳು ಹೇಳೋದಿಲ್ಲ. ಪದಕ ಎದೆಯ ಮೇಲಿರುತ್ತೆ, ಎದೆಯೊಳಗೆ ಏನಿತ್ತು ಅಂತ ತೋರಿಸೋದಿಲ್ಲ.

ನಾವು ಯುದ್ಧದ ಭಜನೆ ಮಾಡುವವರಲ್ಲ. ನಮ್ಮ ಪ್ರಶ್ನೆ ಬೇರೆ. ದೇವಯ್ಯ ಕೊಡವರು, ಕಾರ್ಯಪ್ಪ, ತಿಮ್ಮಯ್ಯನಂಥ ದಂಡನಾಯಕರನ್ನು ಕೊಟ್ಟ ಸಮುದಾಯ. ಅವರೂ ಅಧಿಕಾರಿ. ಅಂಥವರ ಸಾವಿನ ಸತ್ಯಕ್ಕೇ 23 ವರ್ಷ ಬೇಕಾದರೆ, ನಮ್ಮ ಕೇರಿಯಿಂದ ಹೋದ ಸಿಪಾಯಿಯ ಗತಿಯೇನು? ಬ್ರಿಟಿಷರು ಮೊದಲು ಮಹಾರರನ್ನು ದಂಡಿಗೆ ಸೇರಿಸಿಕೊಂಡರು. ಹತ್ತೊಂಬತ್ತನೇ ಶತಮಾನದ ಕೊನೆಗೆ ‘ವೀರ ಜಾತಿ’ ಅನ್ನೋ ಸಿದ್ಧಾಂತ ಕಟ್ಟಿ ಬಾಗಿಲು ಹಾಕಿದರು. ಬಾಬಾಸಾಹೇಬರ ತಂದೆ ರಾಮ್‌ಜಿ ಅದೇ ದಂಡಿನಲ್ಲಿ ಸುಬೇದಾರರಾಗಿದ್ದವರು. ಬಾಬಾಸಾಹೇಬರು ಪಟ್ಟು ಹಿಡಿದ ಮೇಲೆ 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟು ಶುರುವಾಯಿತು. ಅದರ ಮೊದಲ ಪಡೆ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲೇ! ಶೌರ್ಯಕ್ಕೆ ಜಾತಿಯಿಲ್ಲ. ಅದನ್ನು ಬರೆದಿಡುವ ಕೈಗೆ ಮಾತ್ರ ಜಾತಿಯಿತ್ತು.

ಗುಬ್ಬಿ, ಕುಣಿಗಲ್ ಕಡೆಯ ಮೇಷ್ಟ್ರುಗಳೇ, ತುಮಕೂರಿನಲ್ಲಿ ಓದುತ್ತಿರುವ ಗೆಳೆಯರೇ, ಊರಿಗೆ ಹೋದಾಗ ಕೇಳಿ: ಈ ಕೇರಿಯಿಂದ ದಂಡಿಗೆ ಹೋದವರು ಯಾರು? ಬಂದವರು ಯಾರು, ಬಾರದವರು ಯಾರು? ಮುದುಕಿಯರಿಗೆ ಹೆಸರು ನೆನಪಿರುತ್ತೆ. ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ನಮ್ಮ ಪಾಲಿಗೆ ಫ್ರಿಕರ್ ಬರೋದಿಲ್ಲ. ನಮ್ಮ ಮನೆಗಳಲ್ಲಿ ಅಕ್ಷರ ಕಲಿತ ಮೊದಲ ತಲೆ ನಾವು, ನಾವೇ ಬರೆಯಬೇಕು.