ಹಣ್ಣಿನ ಉಗ್ರಾಣವು ವಸ್ತುಶಾಲೆಯಾದ ಬಗೆ

ಹಿತ್ತಲಿನ ಕೊಟ್ಟಿಗೆಯನ್ನು ಬರಿದುಮಾಡಿ ಅಣಿಗೊಳಿಸುವ ಕೆಲಸವು ಯಾವ ಮನೆಯಲ್ಲಿಯೂ ಒಂದು ದಿನದಲ್ಲಿ ಮುಗಿಯುವುದಲ್ಲ. ಗುದ್ದಲಿಯ ಮುರಿದ ಕಾವು, ತೂತುಬಿದ್ದ ಮೊರ, ನೆಲಹಿನ ಹಳೆಯ ಹಗ್ಗ, ಯಾವ ವರ್ಷದ್ದೆಂದು ತಿಳಿಯದ ಬಿತ್ತನೆಯ ಗಂಟು, ಇವೆಲ್ಲವನ್ನೂ ಹೊರಕ್ಕೆ ತಂದು ಬಿಸಿಲಿನಲ್ಲಿ ಹರಡುವವರೆಗೆ ಮನೆಯವರಿಗೆ ಉತ್ಸಾಹವಿರುತ್ತದೆ. ಆಮೇಲೆ ಒಂದೊಂದನ್ನೂ ಕೈಯಲ್ಲಿ ಹಿಡಿದು ಇದೇನು, ಎಲ್ಲಿಂದ ಬಂದಿತು, ಯಾತಕ್ಕೆ ಬೇಕು ಎಂದು ವಿಚಾರಿಸಬೇಕಾಗುತ್ತದೆ. ಅಷ್ಟರಲ್ಲಿ ಹೊತ್ತು ಮುಳುಗಿ, ಅರ್ಧಕ್ಕಿಂತ ಹೆಚ್ಚು ಸಾಮಾನು ಮತ್ತೆ ಮೊದಲಿನ ಮೂಲೆಯನ್ನೇ ಸೇರುತ್ತದೆ. ಈ ಮೂರು ಪ್ರಶ್ನೆಗಳನ್ನು ಬಿಡದೆ ಕೇಳುತ್ತ ಹೋದ ಒಬ್ಬ ಪಂಡಿತನು, ಇಂಗ್ಲೆಂಡಿನ ಅರಸುಮನೆತನದ ತೋಟದಲ್ಲಿದ್ದ ಹಣ್ಣಿನ ಉಗ್ರಾಣವೊಂದನ್ನು ಬೇಡಿ ಪಡೆದು, ಅದನ್ನು ಜನೋಪಯುಕ್ತವಾದ ಸಸ್ಯವಸ್ತುಗಳ ಪ್ರದರ್ಶನಶಾಲೆಯನ್ನಾಗಿ ಮಾಡಿದನು. ಆ ಬಗೆಯ ಶಾಲೆಗಳಲ್ಲಿ ಲೋಕಕ್ಕೆ ಅದೇ ಮೊದಲನೆಯದು. ನಮ್ಮ ದೇಶದ ಎಷ್ಟೋ ವಸ್ತುಗಳ ಕಥೆಯೂ ಆ ಉಗ್ರಾಣದ ಕಥೆಯೊಡನೆ ಹೆಣೆದುಕೊಂಡಿದೆ.

ಲಂಡನ್ ನಗರದ ಪಶ್ಚಿಮಕ್ಕೆ ಥೇಮ್ಸ್ ನದಿಯ ದಡದಲ್ಲಿ ಕ್ಯೂ ಎಂಬ ಸ್ಥಳವಿದೆ. ಮೂರನೆಯ ಜಾರ್ಜ್ ದೊರೆಯ ಕಾಲದಲ್ಲಿ ಸರ್ ಜೋಸೆಫ್ ಬ್ಯಾಂಕ್ಸನು ಅಲ್ಲಿಯ ತೋಟಕ್ಕೆ ದೇಶದೇಶಗಳಿಂದ ಗಿಡಗಳನ್ನು ತರಿಸಿದನು. ೧೮೨೦ರಲ್ಲಿ ದೊರೆಯೂ ಬ್ಯಾಂಕ್ಸನೂ ತೀರಿಕೊಂಡರು, ತೋಟವು ಕೇಳುವವರಿಲ್ಲದಂತಾಯಿತು. ಜಾನ್ ಸ್ಮಿತ್ ಎಂಬ ತೋಟದ ಮೇಸ್ತ್ರಿಯೊಬ್ಬನು ಶ್ರದ್ಧೆಯಿಂದ ಗಿಡಗಳನ್ನು ಉಳಿಸಿಕೊಂಡು ಬಂದನೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ದೊಡ್ಡವರ ಚರಿತ್ರೆಯಲ್ಲಿ ಇಂಥವರ ಹೆಸರು ಬೇಗ ಮಾಸುತ್ತದೆ. ೧೮೩೮ರಲ್ಲಿ ಸರ್ಕಾರದವರು ಜಾನ್ ಲಿಂಡ್ಲೆ ಎಂಬ ಸಸ್ಯಶಾಸ್ತ್ರಜ್ಞನಿಂದ ತೋಟದ ಸ್ಥಿತಿಯನ್ನು ಪರೀಕ್ಷೆಮಾಡಿಸಿದರು. ಗಿಡಗಳಿವೆ, ಅವುಗಳಿಗೆ ಸರಿಯಾದ ಹೆಸರುಗಳಿಲ್ಲ, ವರ್ಗೀಕರಣವಿಲ್ಲ ಎಂಬುದು ಅವನ ಮುಖ್ಯವಾದ ಆಕ್ಷೇಪಣೆಗಳಲ್ಲಿ ಒಂದು. ಆ ಮೇಲೂ ತೋಟಕ್ಕೆ ಗಂಡಾಂತರವು ತಪ್ಪಲಿಲ್ಲ. ಗಿಡಗಳನ್ನು ಹೊರಗಿನವರಿಗೆ ಕೊಟ್ಟುಬಿಟ್ಟು ಗಾಜಿನ ಮನೆಗಳಲ್ಲಿ ಅರಮನೆಯ ಊಟಕ್ಕೆ ದ್ರಾಕ್ಷಿಯನ್ನು ಬೆಳೆಸಬೇಕೆಂಬ ಯೋಚನೆ ಹೊರಟಿತು. ಲಿಂಡ್ಲೆಯು ಇದನ್ನು ಪ್ರತಿಭಟಿಸಿದನು. ವಿಷಯವು ಪಾರ್ಲಿಮೆಂಟಿನವರೆಗೆ ಹೋಯಿತು. ಕೊನೆಗೆ ೧೮೪೦ರಲ್ಲಿ ತೋಟವು ಅರಮನೆಯ ಕೈಬಿಟ್ಟು ಸರ್ಕಾರದ ಇಲಾಖೆಗೆ ಸೇರಿತು.

ಮರುವರ್ಷ, ೧೮೪೧ರಲ್ಲಿ, ವಿಲಿಯಂ ಜಾಕ್ಸನ್ ಹುಕರನು ತೋಟದ ಅಧ್ಯಕ್ಷನಾಗಿ ಬಂದನು. ಇಪ್ಪತ್ತು ವರ್ಷಗಳ ಕಾಲ ಗ್ಲಾಸ್ಗೋ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಅಧ್ಯಾಪಕನಾದ ಇವನಿಗೆ ಸಂಗ್ರಹದ ಗೀಳು ಬಹಳ. ಕ್ಯೂ ಬಳಿಯಲ್ಲಿ ಇವನು ಹಿಡಿದ ಮನೆಯ ಹದಿಮೂರು ಕೊಠಡಿಗಳನ್ನು ಒಣಗಿಸಿದ ಸಸ್ಯಗಳೂ ಪುಸ್ತಕಗಳೂ ತುಂಬಿಕೊಂಡಿದ್ದುವು. ಅಂಥ ಮನೆಯ ಗೃಹಿಣಿಯ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು. ಹುಕರನು ಬಂದಾಗ ತೋಟವು ಕೇವಲ ೧೧ ಎಕರೆ. ಕೆಲವೇ ವರ್ಷಗಳಲ್ಲಿ ಅವನು ಅರಮನೆಯವರ ಮನಸ್ಸನ್ನು ಒಲಿಸಿ, ಸುತ್ತಣ ನೆಲವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿಕೊಳ್ಳುತ್ತ, ಅದನ್ನು ೭೫ ಎಕರೆಗೆ ಬೆಳೆಸಿದನು.

ಹೀಗೆ ಸೇರಿದ ನೆಲದಲ್ಲಿ ಅರಮನೆಯ ಕಾಯಿಪಲ್ಲೆಯ ತೋಟವೂ ಒಂದು. ವಿಂಡ್ಸರ್ ಅರಮನೆಯ ಬಳಿ ಫ್ರಾಗ್ಮೋರಿನಲ್ಲಿ ಹೊಸ ತೋಟವು ಸಿದ್ಧವಾದುದರಿಂದ, ಕ್ಯೂವಿನ ಹಳೆಯದರ ಅಗತ್ಯವು ಅಷ್ಟಾಗಿ ಉಳಿದಿರಲಿಲ್ಲ. ಅದರಲ್ಲಿ ಹಣ್ಣುಗಳನ್ನು ಕೂಡಿಡುತ್ತಿದ್ದ ಇಟ್ಟಿಗೆಯ ಕಟ್ಟಡವೊಂದಿದ್ದಿತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಹಾರೆ ಪಿಕಾಸಿಗಳಿಗೆ ಬಿಟ್ಟು ಮರೆಯುತ್ತಿದ್ದರೇನೋ. ಹುಕರನು ಅದನ್ನು ತನಗೆ ಕೊಡಬೇಕೆಂದು ಕೇಳಿದನು. ೧೮೪೭ರಲ್ಲಿ ಅಪ್ಪಣೆಯಾಯಿತು. ಉಗ್ರಾಣವು ತೆರವಾಯಿತು, ಹಣ್ಣುಗಳಿದ್ದೆಡೆಯಲ್ಲಿ ಹುಕರನು ತನ್ನ ಸ್ವಂತ ಸಂಗ್ರಹದ ಕಾಯಿ, ಬೀಜ, ನಾರು, ಅಂಟು, ತೊಗಟೆಗಳನ್ನು ತಂದಿಟ್ಟನು. ಚಾರ್ಲ್ಸ್ ಡಾರ್ವಿನನ ಗುರುವಾಗಿದ್ದ ಕೇಂಬ್ರಿಜ್ಜಿನ ಹೆನ್ಸ್ಲೋ ಪಂಡಿತನು ಈ ಕೆಲಸದಲ್ಲಿ ಅವನಿಗೆ ನೆರವಾದನು. ಕೆಲವು ವರ್ಷಗಳ ಮೇಲೆ ಇವರಿಬ್ಬರೂ ಬೀಗರಾದರು. ೧೮೪೮ರಲ್ಲಿ ಪ್ರದರ್ಶನಶಾಲೆಯು ಜನರಿಗೆ ತೆರೆಯಿತು.

ಹುಕರನ ಯೋಚನೆಯಲ್ಲಿ ಹೊಸದೇನು? ಒಣಗಿಸಿ ಕಾಗದಕ್ಕೆ ಅಂಟಿಸಿದ ಗಿಡವು ಶಾಸ್ತ್ರಜ್ಞನಿಗೆ ಸಾಕು. ಆದರೆ ತೆಂಗಿನ ಕಾಯನ್ನೂ ಬಿದಿರಿನ ಗಳುವನ್ನೂ ಕಾಗದಕ್ಕೆ ಅಂಟಿಸುವುದು ಹೇಗೆ? ತೋಟದಲ್ಲಿ ಬದುಕಿರುವ ಗಿಡವಾದರೋ, ಅದರಿಂದ ಮನುಷ್ಯನು ಏನು ಮಾಡಿಕೊಳ್ಳುತ್ತಾನೆಂಬುದನ್ನು ಹೇಳುವುದಿಲ್ಲ. ಎರಡಕ್ಕೂ ನಡುವೆ ಬಿಟ್ಟುಹೋದುದನ್ನು ಹುಕರನು ಉಗ್ರಾಣದಲ್ಲಿ ಕೂಡಿಸಿದನು. ಹತ್ತಿಯ ಕಾಯಿ, ಅದರ ನೂಲು, ನೂಲಿನ ಬಟ್ಟೆ ಎಂಬಂತೆ, ಹುಟ್ಟಿದ ವಸ್ತುವನ್ನೂ ಕೈಗಾರಿಕೆಯ ವಸ್ತುವನ್ನೂ ಒಂದೇ ಕಡೆ ನೋಡುವಂತೆ ಮಾಡುವುದೇ ಅವನ ಉದ್ದೇಶ. ವರ್ತಕರು, ವೈದ್ಯರು, ಔಷಧದ ವ್ಯಾಪಾರಿಗಳು, ಬಣ್ಣಗಾರರು, ಬಡಗಿಗಳು, ಇವರೆಲ್ಲರಿಗೂ ಅದು ಪಾಠಶಾಲೆಯಾಗಬೇಕೆಂಬುದು ಅವನ ಹಂಬಲವಾಗಿತ್ತು.

ವಸ್ತುಗಳನ್ನು ಜೋಡಿಸಿದುದು ಮಾತ್ರ ಉಪಯೋಗದ ಕ್ರಮದಿಂದಲ್ಲ, ಸಸ್ಯಕುಲಗಳ ಕ್ರಮದಿಂದ. ನಮ್ಮ ಪ್ರಾಚೀನರು ಈ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಬಿಡಿಸಿದ್ದರು. ಚರಕಸಂಹಿತೆಯಲ್ಲಿ ಮೂಲಿಕೆಗಳು ಐವತ್ತು ಮಹಾಕಷಾಯಗಳಾಗಿ, ದೇಹದ ಮೇಲೆ ಅವು ಮಾಡುವ ಕಾರ್ಯವನ್ನನುಸರಿಸಿ ಗುಂಪುಗೂಡಿವೆ; ಅಮರಸಿಂಹನ ವನೌಷಧಿವರ್ಗದಲ್ಲಿ ಹೆಸರುಗಳೇ ಪ್ರಧಾನ. ರೋಗಿಯ ಮಗ್ಗುಲಲ್ಲಿ ಕುಳಿತ ವೈದ್ಯನಿಗೆ ಚರಕನ ಕ್ರಮವು ಅನುಕೂಲ. ಕಾಣದ ದೇಶದಿಂದ ಬಂದ, ಗುಣವಿನ್ನೂ ತಿಳಿಯದ ಕಾಯೊಂದನ್ನು ಎಲ್ಲಿಡಬೇಕೆನ್ನುವವನಿಗೆ ಕುಲದ ಕ್ರಮವು ಅನುಕೂಲ. ಇದರಲ್ಲಿ ಮೇಲು ಕೀಳೆಂಬ ಚರ್ಚೆಯು ವ್ಯರ್ಥ. ಉಗ್ರಾಣವು ಯಾರಿಗಾಗಿ ಎಂಬುದು ಮೊದಲು ನಿಶ್ಚಯವಾಗಬೇಕು.

ಆ ಕ್ರಮದ ಪ್ರಯೋಜನಕ್ಕೆ ಒಂದು ನಿದರ್ಶನವು ಸಾಕು. ಮಲಯದ್ವೀಪಗಳ ಕಡೆಯ ಮರವೊಂದರ ಹಾಲು ಗಟ್ಟಿಯಾಗಿ ಗಟಾಪಾರ್ಚವೆಂಬ ಹೆಸರಿನಿಂದ ಲಂಡನ್ನಿನ ಅಂಗಡಿಗಳಿಗೆ ಬರುತ್ತಿದ್ದಿತು. ಮರ ಯಾವುದೆಂದು ಶಾಸ್ತ್ರಕ್ಕೆ ತಿಳಿದಿರಲಿಲ್ಲ. ಉಗ್ರಾಣವು ಕೈಗೆ ಬಂದ ೧೮೪೭ರಲ್ಲಿಯೇ ಹುಕರನು ಆ ಮರವನ್ನು ವರ್ಣಿಸಿ ಅದಕ್ಕೆ ಶಾಸ್ತ್ರೀಯವಾದ ಹೆಸರಿಟ್ಟನು. ನಾಲ್ಕು ವರ್ಷಗಳ ಮೇಲೆ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಸಮುದ್ರದ ತಳದಲ್ಲಿ ಹಾಸಿದ ತಂತಿಗೆ ನೀರು ತಗಲದಂತೆ ಹೊದಿಸಿದುದು ಇದೇ ಅಂಟನ್ನು.

ಹೆಸರು ಹಬ್ಬಿದ ಮೇಲೆ ಸಾಮಾನು ಪ್ರವಾಹದಂತೆ ಬಂದಿತು. ೧೮೫೧ರ ಮಹಾಪ್ರದರ್ಶನವು ಮುಗಿದೊಡನೆ ಅಲ್ಲಿಯ ಅನೇಕ ವಸ್ತುಗಳು ಕ್ಯೂವಿಗೆ ಬಂದುವು. ರಿಚರ್ಡ್ ಸ್ಪ್ರೂಸನು ಅಮೆಜಾನ್ ನದಿಯ ಕಾಡುಗಳಿಂದ ಕಳುಹಿಸಿದನು. ಹಣ್ಣಿನ ಉಗ್ರಾಣವು ಇಕ್ಕಟ್ಟಾಯಿತು. ೧೮೫೭ರಲ್ಲಿ ಕೊಳದ ದಡದಲ್ಲಿ ದೊಡ್ಡ ಕಟ್ಟಡವೊಂದು ಎದ್ದು ಅದೇ ಮೊದಲನೆಯ ಪ್ರದರ್ಶನಶಾಲೆಯೆನಿಸಿತು. ಮೂಲದ ಉಗ್ರಾಣವು ಎರಡನೆಯದಾಯಿತು. ಹಿರಿಯನು ಕಿರಿಯನಾದ ಪರಿ ಇದು. ಹೆಚ್ಚಾಗಿ ಉಳಿದ ಮಾದರಿಗಳನ್ನು ಬೇರೆ ಪ್ರದರ್ಶನಶಾಲೆಗಳಿಗೂ ಮಕ್ಕಳ ಪಾಠಶಾಲೆಗಳಿಗೂ ಹಂಚಿದರೆಂಬುದು ಮೆಚ್ಚತಕ್ಕ ಸಂಗತಿ. ಬೀಜವನ್ನು ಕೈಯಲ್ಲಿ ಹಿಡಿದು ಕಲಿತ ಪಾಠವು ಬಾಯಿಪಾಠಕ್ಕಿಂತ ಆಳವಾಗಿ ನಾಟುತ್ತದೆ.

ಇನ್ನು ಹಿಂದೂದೇಶದ ವಸ್ತುಗಳ ವಿಚಾರ. ಈಸ್ಟ್ ಇಂಡಿಯಾ ಕಂಪೆನಿಯವರು ೧೮೦೧ರಲ್ಲಿ ಲಂಡನ್ನಿನ ತಮ್ಮ ಕಚೇರಿಯಲ್ಲಿ ಪುಸ್ತಕಭಂಡಾರವನ್ನೂ ವಸ್ತುಸಂಗ್ರಹವನ್ನೂ ತೆರೆದು, ಭಗವದ್ಗೀತೆಯನ್ನು ೧೭೮೫ರಲ್ಲಿ ಮೊದಲು ಇಂಗ್ಲಿಷಿಗೆ ತಿರುಗಿಸಿದ ಚಾರ್ಲ್ಸ್ ವಿಲ್ಕಿನ್ಸನನ್ನು ಅದಕ್ಕೆ ಮೇಲ್ವಿಚಾರಕನನ್ನಾಗಿ ನೇಮಿಸಿದರು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಕೊಳ್ಳೆಹೋದ ಟಿಪ್ಪುವಿನ ಮರದ ಹುಲಿಯನ್ನು ಜನರು ಗುಂಪುಗೂಡಿ ನೋಡಿದುದು ಅಲ್ಲಿಯೇ. ಕಂಪೆನಿಯ ಆಳ್ವಿಕೆಯು ೧೮೫೮ರಲ್ಲಿ ಕೊನೆಗಂಡಿತು. ಕೆಲವೇ ವರ್ಷಗಳಲ್ಲಿ ಕಚೇರಿಯ ಕಟ್ಟಡವೂ ನೆಲಸಮವಾಯಿತು. ಸಂಗ್ರಹವು ಆ ಮನೆಯಿಂದ ಈ ಮನೆಗೆ ಅಲೆಯಿತು. ಕಡೆಗೆ ೧೮೭೯ರಲ್ಲಿ ಅದನ್ನು ಒಡೆದು ಹಂಚಲು ತೀರ್ಮಾನವಾಯಿತು. ಹುಲಿಯು ದಕ್ಷಿಣ ಕೆನ್ಸಿಂಗ್‌ಟನ್ನಿನ ಪ್ರದರ್ಶನಶಾಲೆಗೆ ಹೋಯಿತು. ಮರ, ನಾರು, ಬಣ್ಣ, ಔಷಧ ಮೊದಲಾದ ಸಸ್ಯವಸ್ತುಗಳು ಕ್ಯೂವಿಗೆ ಹೋದುವು. ಒಂದು ದೇಶದ ಜನಜೀವನವಾಗಿ ಒಟ್ಟಿಗಿದ್ದುದು, ಚಂದವಾದುದು ಇತ್ತ, ಉಪಯೋಗದ್ದು ಅತ್ತ ಎಂದು ಪಾಲಾಯಿತು. ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ಬೀಗವು ಒಬ್ಬನಿಗೂ ಬೀಗದ ಕೈ ಮತ್ತೊಬ್ಬನಿಗೂ ಹೋಗುವುದುಂಟು.

ಕ್ಯೂವಿನವರು ಬಂದುದನ್ನು ಜೋಪಾನವಾಗಿ ಕಾಪಾಡಿದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಂಥ ಸಂಗ್ರಹಗಳ ಹೆಸರುಚೀಟಿಯನ್ನು ಓದುವವನಿಗೆ ಒಂದು ಕೊರತೆಯು ತೋರದಿರದು. ಸಸ್ಯದ ಲ್ಯಾಟಿನ್ ಹೆಸರು, ಬಂದ ಪ್ರಾಂತ, ಕಳುಹಿಸಿದ ಅಧಿಕಾರಿ, ಇವೆಲ್ಲವೂ ಇರಬಹುದು. ಬುಟ್ಟಿಯನ್ನು ಹೆಣೆದವಳ ಹೆಸರು ಬಹಳ ಅಪರೂಪ. ಇದೇನು, ಎಲ್ಲಿಂದ ಬಂದಿತು, ಯಾತಕ್ಕೆ ಬೇಕು ಎಂಬ ಮೂರನ್ನೂ ಕೇಳಿದ ಹುಕರನ ಕಾಲದವರು ಯಾರು ಮಾಡಿದುದು ಎಂಬ ನಾಲ್ಕನೆಯದನ್ನು ಕೇಳಲು ಮರೆತರು. ಆಗ ಬರೆಯದೆ ಬಿಟ್ಟುದನ್ನು ಈಗ ಯಾವ ಶೋಧಕನೂ ಪೂರ್ತಿಯಾಗಿ ತುಂಬಿಕೊಡಲಾರನು.

ಕ್ಯೂವಿನಿಂದ ನಮ್ಮ ಕಡೆಗೆ ಬಂದುದೂ ಇಲ್ಲದಿಲ್ಲ. ಬೆಂಗಳೂರಿನ ಲಾಲ್‌ಬಾಗ್ ೧೮೫೬ರಲ್ಲಿ ಸರ್ಕಾರದ ಸಸ್ಯೋದ್ಯಾನವಾದ ಮೇಲೆ ೧೮೫೮ರಲ್ಲಿ ವಿಲಿಯಂ ನ್ಯೂ, ೧೮೭೪ರಲ್ಲಿ ಜಾನ್ ಕ್ಯಾಮರನ್, ೧೯೦೮ರಲ್ಲಿ ಜರ್ಮನಿಯ ಕೃಂಬಿಗಲ್, ಈ ಮೂವರೂ ಕ್ಯೂ ತೋಟದಲ್ಲಿ ಪಳಗಿ ಬಂದವರೇ. ನಮ್ಮ ಅಡುಗೆಮನೆಗಳಲ್ಲಿ ಈಗ ಪರಕೀಯವೆನಿಸದ ಸೀಮೆಬದನೆಯನ್ನು ಬೆಂಗಳೂರಿಗೆ ತಂದವನು ಕ್ಯಾಮರನ್ನನು.

ಕಾಲಕ್ರಮದಲ್ಲಿ ಕ್ಯೂವಿನ ಪ್ರದರ್ಶನಶಾಲೆಗಳೂ ಜನರಿಗೆ ಹಳತಾಗಿ ಕಂಡುವು. ಹಣ್ಣಿನ ಉಗ್ರಾಣವಾಗಿದ್ದ ಎರಡನೆಯದು ೧೯೬೦ರಲ್ಲಿಯೂ ಮೊದಲನೆಯದು ೧೯೮೭ರಲ್ಲಿಯೂ ಮುಚ್ಚಿದುವು. ಸುಮಾರು ಒಂದು ಲಕ್ಷ ವಸ್ತುಗಳು ಈಗ ಬ್ಯಾಂಕ್ಸನ ಹೆಸರಿನ ಹೊಸ ಕಟ್ಟಡದಲ್ಲಿ, ಸಾಲುಸಾಲಾದ ಕಪಾಟುಗಳಲ್ಲಿವೆ. ಉಗ್ರಾಣದಲ್ಲಿ ತೋಟಗಾರಿಕೆಯ ವಿದ್ಯಾರ್ಥಿಗಳು ಓದುತ್ತಾರೆ.

ಆ ಕಪಾಟುಗಳಲ್ಲಿ ಸಿಂಕೋನ ಮರದ ತೊಗಟೆಗಳೂ ಇವೆ. ಚಳಿಜ್ವರಕ್ಕೆ ಕೊಡುವ ಕ್ವಿನೈನ್ ಇದರಿಂದಲೇ ಆಗತಕ್ಕದ್ದು. ೧೮೬೦ರಿಂದೀಚೆಗೆ ನೀಲಗಿರಿಯಲ್ಲಿ ಈ ಮರಗಳನ್ನು ನೆಟ್ಟು ಬೆಳೆಸಿದರು. ಜಾನ್ ಎಲಿಯಟ್ ಹವರ್ಡನೆಂಬ ಔಷಧವರ್ತಕನು ಜೀವಮಾನವೆಲ್ಲ ಕೂಡಿಸಿದ ತೊಗಟೆಯ ತುಂಡುಗಳು ಕಂದುಬಣ್ಣಕ್ಕೆ ತಿರುಗಿ, ನೋಡಿದವರಿಗೆ ಒಲೆಯ ಸೌದೆಯಂತೆ ತೋರುತ್ತವೆ. ಇತ್ತೀಚಿನ ವರ್ಷಗಳಲ್ಲಿ ರಸಾಯನಶಾಸ್ತ್ರಜ್ಞರು ಆ ಹಳೆಯ ಸಿಂಕೋನ ತೊಗಟೆಗಳನ್ನು ಪರೀಕ್ಷಿಸಿ, ಯಾವ ಕಡೆಯ ಮರದಲ್ಲಿ ಔಷಧದ ಅಂಶವು ಎಷ್ಟಿತ್ತೆಂಬುದನ್ನು ಹೋಲಿಸಿ ನೋಡಿದ್ದಾರೆ. ತುಂಡಿಗೆ ಕಟ್ಟಿದ ಚೀಟಿಯಲ್ಲಿ ಮರದ ಜಾತಿಯನ್ನೂ ಬಂದ ಊರನ್ನೂ ಯಾರೋ ಬರೆದಿಟ್ಟಿದ್ದರು.